ತುರಿಕೆಗೆ ಟ್ಯೂಬೋ, ಕಷಾಯವೋ, ಚರ್ಮದ ಡಾಕ್ಟರೋ?

ತಾಲ್ಲೂಕು ಕೇಂದ್ರವೊಂದರ ಮೆಡಿಕಲ್ ಶಾಪಿನಲ್ಲಿ ಹನ್ನೊಂದು ವರ್ಷ ಕೌಂಟರ್ ಹಿಂದೆ ನಿಂತವನು ನಾನು. ಜ್ವರದ ಮಾತ್ರೆಯನ್ನು ಜನ ಗಟ್ಟಿಯಾಗಿ ಕೇಳುತ್ತಾರೆ. ಚರ್ಮದ ತೊಂದರೆಗೆ ಮಾತ್ರ ಬೇರೆ ಗಿರಾಕಿ ಹೋಗುವವರೆಗೆ ಕಾಯುತ್ತಾರೆ. ಆಮೇಲೆ ದನಿ ತಗ್ಗಿಸಿ, "ಅಣ್ಣಾ, ತೊಡೆ ಹತ್ರ ತುರಿಕೆ, ಒಂದು ಟ್ಯೂಬ್ ಕೊಡಿ" ಅನ್ನುತ್ತಾರೆ. ಈಗ ಅಂಗಡಿ ಬಿಟ್ಟಿದ್ದೇನೆ. ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ನೆಂಟರು, ಹಳೇ ಗಿರಾಕಿಗಳು ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಾರೆ. ಆಯುರ್ವೇದಕ್ಕೆ ಹೋಗಲಾ, ಸ್ಕಿನ್ ಡಾಕ್ಟರ್ ಹತ್ತಿರ ಹೋಗಲಾ, ಹೋಮಿಯೋಪತಿ ನೋಡಲಾ? ಇಂಗ್ಲಿಷ್ ಮದ್ದು ಹೀಟ್ ಅಲ್ವಾ? ಪೇಟೆಯಲ್ಲಿ "ಹೋಲಿಸ್ಟಿಕ್ ಸ್ಕಿನ್ ಕೇರ್" ಅಂತ ಬೋರ್ಡ್ ಹಾಕಿದ್ದಾರೆ, ಅದೇನು?

ನಾನು ಡಾಕ್ಟರ್ ಅಲ್ಲ, ಮದ್ದು ಬರೆದುಕೊಡಲು ಬರುವುದಿಲ್ಲ. ಆದರೆ ಯಾರು ಯಾವ ದಾರಿಯಲ್ಲಿ ಹೋಗಿ ಏನಾದರು ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ನನಗೆ ಅನಿಸುವುದು ಇಷ್ಟು: ಯಾವ ಪದ್ಧತಿ ಅನ್ನುವುದು ಎರಡನೇ ಪ್ರಶ್ನೆ. ಇದು ಯಾವ ರೋಗ ಅನ್ನುವುದು ಮೊದಲನೇದು. ಹುಳುಕಡ್ಡಿ, ಇಸುಬು (ಎಕ್ಸಿಮಾ), ಕಜ್ಜಿ (ಸ್ಕೇಬೀಸ್), ಚಿಬ್ಬು, ಬಂಗು (ಮುಖದ ಕಂದು ಕಲೆ), ತೊನ್ನು, ಪಿತ್ತಗಂಧೆ, ಸರ್ಪಸುತ್ತು. ನಮ್ಮ ಅಜ್ಜಿಯರು ಒಂದೊಂದಕ್ಕೂ ಬೇರೆ ಹೆಸರು ಇಟ್ಟಿದ್ದರು. ಈಗ ನಾವು ಎಲ್ಲಕ್ಕೂ "ಅಲರ್ಜಿ" ಅಥವಾ "ಫಂಗಲ್" ಅಂದುಬಿಡುತ್ತೇವೆ. ಒಂದಕ್ಕೆ ಅಮೃತವಾದ ಮದ್ದು ಪಕ್ಕದ ಇನ್ನೊಂದಕ್ಕೆ ವಿಷವಾಗುವುದು ಚರ್ಮದ ವಿಷಯದಲ್ಲಿ ತೀರಾ ಮಾಮೂಲು.

ಅಳೆಯುವುದು ಹೇಗೆ

ಯಾವ ದಾರಿ ಹಿಡಿದರೂ ಐದು ಮಾತು ಕೇಳಿಕೊಳ್ಳಿ. ಈ ದಾರಿಯಲ್ಲಿ ರೋಗದ ಹೆಸರು ಗೊತ್ತಾಗುತ್ತದಾ? ಗಡುವು ಎಷ್ಟು, ಅಂದರೆ ಎಷ್ಟು ವಾರದಲ್ಲಿ ಗುಣ ಕಾಣಬೇಕು, ಕಾಣದಿದ್ದರೆ ಮುಂದೇನು? ಕೆಟ್ಟರೆ ಎಷ್ಟು ಕೆಡಬಹುದು? ಪೂರ್ತಿ ಖರ್ಚು ಎಷ್ಟು? ಫೀಸು ಒಂದೇ ಅಲ್ಲ, ಬಸ್ ಚಾರ್ಜು, ಕೂಲಿ ತಪ್ಪಿದ ದಿನ ಎಲ್ಲ ಸೇರಿಸಿ. ಕೊನೆಯದು, ಇದು ನಿಮ್ಮ ದಿನಚರಿಗೆ ಹೊಂದುತ್ತದಾ?

ಈ ಕೊನೆಯದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಬೆಳಿಗ್ಗೆ ಆರೂವರೆಗೆ ಗಾರ್ಮೆಂಟ್ಸ್ ಬಸ್ ಹತ್ತುವ ಹೆಣ್ಣುಮಗಳಿಗೆ ಮೂರು ಹೊತ್ತು ಲೇಪ ಹಚ್ಚಿ ಅರ್ಧ ಗಂಟೆ ಕೂರು ಅಂದರೆ ಆಗುತ್ತದಾ? ಮದ್ದು ಸೋಲುವುದು ಎಷ್ಟೋ ಸಲ ಇಲ್ಲೇ.

ಹೋಲಿಸುತ್ತಾ ಕೂರಬಾರದ ಹೊತ್ತು

ಕೆಲವು ತೊಂದರೆಗಳಿಗೆ ಆಯ್ಕೆ ಅನ್ನುವುದೇ ಇಲ್ಲ. ನಮ್ಮ ಚಿಕ್ಕಪ್ಪನಿಗೆ ಪಕ್ಕೆಯ ಒಂದೇ ಕಡೆ ಉರಿ ಶುರುವಾಗಿ, ಎರಡು ದಿನಕ್ಕೆ ಗೊಂಚಲು ಗೊಂಚಲಾಗಿ ನೀರುಗುಳ್ಳೆ ಎದ್ದವು. ಸರ್ಪಸುತ್ತು. ಮನೆಯಲ್ಲಿ ಕೆಮ್ಮಣ್ಣಿನ ಲೇಪ ಶುರುವಾಯಿತು. ಹಾವಿನ ಬಾಯಿ ಬಾಲ ಕೂಡಬಾರದು ಅಂತ ಸುತ್ತ ಗೆರೆ ಎಳೆದರು. ಐದನೇ ದಿನ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು, "ಗುಳ್ಳೆ ಎದ್ದು ಎಷ್ಟು ದಿನ ಆಯ್ತು?" ಇದಕ್ಕೆ ವೈರಸ್ ವಿರುದ್ಧದ ಮಾತ್ರೆ ಇದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಪ್ರಯೋಜನ. ಗುಳ್ಳೆ ಏನೋ ಎರಡು ಮೂರು ವಾರದಲ್ಲಿ ಒಣಗಿತು. ಕೆಮ್ಮಣ್ಣು ಹಚ್ಚಿದರೂ ಒಣಗುತ್ತಿತ್ತು, ಬಿಟ್ಟರೂ ಒಣಗುತ್ತಿತ್ತು. ಆದರೆ ಒಳಗಿನ ನರದ ನೋವು ಎಂಟು ತಿಂಗಳು ಉಳಿಯಿತು. ಬನಿಯನ್ ಬಟ್ಟೆ ತಾಗಿದರೂ ಬೆಚ್ಚಿಬೀಳುತ್ತಿದ್ದರು.

ಇನ್ನೊಂದು, ಸ್ಪರ್ಶ ಗೊತ್ತಾಗದ ಮಚ್ಚೆ. ಸುತ್ತಲಿನ ಚರ್ಮಕ್ಕಿಂತ ಬಿಳಿಚಿದ ಅಥವಾ ಕೆಂಪಾದ ಮಚ್ಚೆ ಇದ್ದು, ಕಣ್ಣುಮುಚ್ಚಿ ಹತ್ತಿಯಿಂದ ಸವರಿದರೆ ಗೊತ್ತಾಗದಿದ್ದರೆ ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕುಷ್ಠ ಇರಬಹುದು. ಎಂಡಿಟಿ ಅನ್ನುವ, ಹಲವು ಮದ್ದು ಸೇರಿದ ಮಾತ್ರೆಗಳು ಪುಕ್ಕಟೆ ಸಿಗುತ್ತವೆ. ರೋಗದ ಬಗೆ ನೋಡಿ 6 ಅಥವಾ 12 ತಿಂಗಳ ಕೋರ್ಸು, ಪೂರ್ತಿ ವಾಸಿಯಾಗುತ್ತದೆ. ತಡಮಾಡಿದರೆ ಮಾತ್ರ ಬೆರಳು ಮಡಚಿಕೊಳ್ಳುತ್ತವೆ.

ಹೊಸ ಮಾತ್ರೆ ತಿಂದ ಮೇಲೆ ಮೈಯೆಲ್ಲ ಕೆಂಪಾಗಿ ಬಾಯಿಯಲ್ಲಿ ಹುಣ್ಣಾದರೆ, ಮೈ ತುರಿಕೆಯ ಜೊತೆ ತುಟಿ ಊದಿ ಉಸಿರು ಕಟ್ಟಿದರೆ, ಮಚ್ಚೆಯ ಆಕಾರ ಬದಲಾಗಿ ರಕ್ತ ಜಿನುಗಿದರೆ, ಆಗಲೂ ಈ ಲೇಖನ ಮುಚ್ಚಿಟ್ಟು ಆಸ್ಪತ್ರೆಗೆ ಹೊರಡಿ.

ಮನೆಮದ್ದು: ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು

ಮನೆಮದ್ದನ್ನು ಆಡಿಕೊಳ್ಳುವವನು ನಾನಲ್ಲ. ಒಣಚರ್ಮಕ್ಕೆ, ಚಳಿಗಾಲದಲ್ಲಿ ಕಾಲು ಬಿರಿಯುವುದಕ್ಕೆ, ಮಕ್ಕಳ ಸಣ್ಣ ಇಸುಬಿಗೆ ಕೊಬ್ಬರಿ ಎಣ್ಣೆಯಷ್ಟು ಅಗ್ಗದ, ಒಳ್ಳೆಯ ವಸ್ತು ಕಡಿಮೆ. ಫಿಲಿಪೈನ್ಸ್‌ನಲ್ಲಿ ಇಸುಬಿನ ರೋಗಿಗಳಿಗೆ ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ ಎರಡನ್ನೂ ಹಚ್ಚಿ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಚರ್ಮದ ಮೇಲೆ ಕೀವು ತರುವ ಬ್ಯಾಕ್ಟೀರಿಯಾ ಕೊಬ್ಬರಿ ಎಣ್ಣೆ ಹಚ್ಚಿದವರಲ್ಲೇ ಜಾಸ್ತಿ ಇಳಿದಿತ್ತು. ಫಾರಿನ್ ಅಂತ ದುಡ್ಡು ಸುರಿದು ಆಲಿವ್ ಎಣ್ಣೆ ತರುವವರು ಗಮನಿಸಿ. ಅದು ಚರ್ಮದ ಮೇಲ್ಪದರವನ್ನು ಸಡಿಲ ಮಾಡುತ್ತದೆ ಅನ್ನುವುದೂ ಗೊತ್ತಾಗಿದೆ.

ಹಚ್ಚುವ ಹೊತ್ತು ಮುಖ್ಯ. ಸ್ನಾನ ಮಾಡಿ ಮೈಯನ್ನು ಗಸಗಸ ಒರೆಸದೆ, ಟವೆಲ್‌ನಲ್ಲಿ ಒತ್ತಿ, ಇನ್ನೂ ಪಸೆ ಇರುವಾಗಲೇ ಹಚ್ಚಬೇಕು. ಮೂರು ನಿಮಿಷದ ಒಳಗೆ. ನೀರನ್ನು ಒಳಗೆ ಹಿಡಿದಿಡುವುದಷ್ಟೇ ಎಣ್ಣೆಯ ಕೆಲಸ. ಒಣಗಿದ ಮೈಗೆ ಹಚ್ಚಿದರೆ ಮೇಲೆ ಜಿಡ್ಡು ಕೂರುತ್ತದೆ, ಒಳಗೆ ತೇವ ಇರುವುದಿಲ್ಲ. ಕುದಿಯುವಂಥ ನೀರಿನ ಸ್ನಾನ ಇಸುಬಿನವರಿಗೆ ಆ ಹೊತ್ತಿಗೆ ಹಾಯ್ ಅನಿಸುತ್ತದೆ, ರಾತ್ರಿ ತುರಿಕೆ ದುಪ್ಪಟ್ಟಾಗುತ್ತದೆ. ಮೊಡವೆ ಇರುವ ಮುಖಕ್ಕೆ ಮಾತ್ರ ಎಣ್ಣೆ ಬೇಡ.

ಕಜ್ಜಿಯ ಉದಾಹರಣೆ ತೆಗೆದುಕೊಳ್ಳಿ. ಬೇವು ಮತ್ತು ಅರಿಸಿನ ಅರೆದು ಹಚ್ಚಿದರೆ ಕಜ್ಜಿ ಹೋಗುತ್ತದೆ ಅನ್ನುತ್ತಾರಲ್ಲ, ಅದು ಪೂರ್ತಿ ಸುಳ್ಳಲ್ಲ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 814 ಜನರಿಗೆ ಈ ಲೇಪ ಹಚ್ಚಿದ್ದರು. ಶೇ 97ರಷ್ಟು ಜನರಿಗೆ 3ರಿಂದ 15 ದಿನದಲ್ಲಿ ವಾಸಿಯಾಯಿತು ಅಂತ ವರದಿ. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ, ಹಾಗಾಗಿ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಸರಿ, ನಂಬಿದೆವು ಅಂತಲೇ ಇಟ್ಟುಕೊಳ್ಳೋಣ. ಮನೆಯ ಆರು ಜನಕ್ಕೆ ದಿನಾ ಅರೆದು, ಕುತ್ತಿಗೆಯಿಂದ ಪಾದದವರೆಗೆ ಬಳಿದು, ಹಳದಿಯಾದ ಹಾಸಿಗೆ ಒಗೆಯಬೇಕು. ಇನ್ನೊಂದು ಕಡೆ ಪರ್ಮೆಥ್ರಿನ್ ಮುಲಾಮು ಇದೆ. ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಿರಿ, ವಾರ ಬಿಟ್ಟು ಇನ್ನೊಂದು ಸಲ. ಬಟ್ಟೆ ಹಾಸಿಗೆ ಬಿಸಿನೀರಿಗೆ, ಬಿಸಿಲಿಗೆ. ಇಲ್ಲಿ ನಾನು ಅನುಮಾನವಿಲ್ಲದೆ ಮುಲಾಮಿನ ಪಕ್ಷ. ತುರಿಕೆ ಮಾತ್ರ ಆಮೇಲೂ ಎರಡು ಮೂರು ವಾರ ಇರಬಹುದು, ಗಾಬರಿ ಬೇಡ.

ಮುಖಕ್ಕೆ ನಿಂಬೆರಸ ಬೇಡವೇ ಬೇಡ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಗುಳ್ಳೆ ಎದ್ದು, ತಿಂಗಳುಗಟ್ಟಲೆ ಕಪ್ಪು ಉಳಿಯುತ್ತದೆ. ಹಿಂಗತ್ತಿನ ಕಪ್ಪಿಗೆ ಕಡಲೆಹಿಟ್ಟು ಹಾಕಿ ಉಜ್ಜುವ ಹುಡುಗರೂ ಕೇಳಿ. ದಪ್ಪಗೆ, ಮಕಮಲ್ ಬಟ್ಟೆಯ ಹಾಗೆ ಆಗಿರುವ ಆ ಕಪ್ಪು ಎಷ್ಟೋ ಸಲ ಕೊಳೆಯೇ ಅಲ್ಲ. ಸಕ್ಕರೆ ಕಾಯಿಲೆಯ ದಾರಿಯಲ್ಲಿ ಇದ್ದೀರಿ ಅನ್ನುವ ಸೂಚನೆ. ಉಜ್ಜುವ ಬದಲು ಶುಗರ್ ಟೆಸ್ಟ್ ಮಾಡಿಸಿ, ತೂಕ ಇಳಿಸಿ.

ಟ್ಯೂಬ್: ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ದುಬಾರಿ

ಇಲ್ಲಿ ನನ್ನದೇ ಕಥೆ ಹೇಳಬೇಕು. ಒಂದು ಬೇಸಿಗೆ, ಬೆಲ್ಟ್ ಕೂರುವ ಜಾಗದಲ್ಲಿ ರೂಪಾಯಿ ಅಗಲದ ಉಂಗುರ ಎದ್ದಿತು. ಹುಳುಕಡ್ಡಿ. ಕೈಗೆಟುಕುವ ಶೆಲ್ಫಿನಲ್ಲೇ ಟ್ಯೂಬ್ ಇತ್ತು. ಮೂರು ಮದ್ದು ಒಂದರಲ್ಲೇ ಇರುವ ಟ್ಯೂಬ್. ಹಚ್ಚಿದೆ, ಎರಡನೇ ದಿನಕ್ಕೆ ತುರಿಕೆ ಮಾಯ. ಇಷ್ಟು ವರ್ಷ ಮಾರಿದ್ದು ಸಾರ್ಥಕ ಅನಿಸಿತು. ಮೂರನೇ ವಾರಕ್ಕೆ ವಾಪಸ್ ಬಂತು. ಈ ಸಲ ಉಂಗುರದ ಅಂಚೇ ಇಲ್ಲ, ಸುಮ್ನೆ ಕೆಂಪಗೆ ಹರಡಿದೆ. ಮತ್ತೆ ಹಚ್ಚಿದೆ. ಎರಡು ತಿಂಗಳಲ್ಲಿ ಸೊಂಟದಿಂದ ತೊಡೆಸಂದಿಗೆ ಇಳಿಯಿತು, ಹೆಂಡತಿಗೂ ಬಂತು. ಚರ್ಮದ ಡಾಕ್ಟರ್ ನೋಡಿ ಕೇಳಿದ್ದು ಒಂದೇ ಮಾತು: "ಯಾವ ಟ್ಯೂಬು?" ನಾನು ಅಂಗಡಿಯವನು ಅಂತ ಹೇಳಲು ನಾಚಿಕೆಯಾಗಿ, "ಯಾರೋ ಕೊಟ್ಟರು ಸಾರ್" ಅಂದೆ.

ಆಗಿದ್ದು ಇಷ್ಟು. ಆ ಟ್ಯೂಬಿನಲ್ಲಿ ಫಂಗಸ್ ಸಾಯಿಸುವ ಮದ್ದಿನ ಜೊತೆ ಜೋರಾದ ಸ್ಟೆರಾಯ್ಡ್ ಇರುತ್ತದೆ. ಸ್ಟೆರಾಯ್ಡ್ ತುರಿಕೆ ನಿಲ್ಲಿಸುತ್ತದೆ. ಜೊತೆಗೆ ಫಂಗಸ್ ವಿರುದ್ಧ ಹೋರಾಡುವ ಚರ್ಮದ ಶಕ್ತಿಯನ್ನೂ ಮಲಗಿಸುತ್ತದೆ. ಮೇಲೆ ಶಾಂತ, ಒಳಗೆ ಫಸಲು. ಈಗಂತೂ ನಮ್ಮ ದೇಶದಲ್ಲಿ ಮೊದಲಿನ ಮಾತ್ರೆಗೆ ಜಗ್ಗದ ಫಂಗಸ್ ಹರಡಿದೆ. 2020ರಲ್ಲಿ ಅದಕ್ಕೆ ಇಟ್ಟ ಹೆಸರಿನಲ್ಲೇ ಇಂಡಿಯಾ ಇದೆ: ಟ್ರೈಕೊಫೈಟಾನ್ ಇಂಡೋಟಿನೆ. ನನಗೆ ಮಾತ್ರೆ, ಮುಲಾಮು ಸೇರಿ ನಾಲ್ಕು ತಿಂಗಳು ಹಿಡಿಯಿತು. ತೊಡೆಸಂದಿಯಲ್ಲಿ ಚರ್ಮ ತೆಳುವಾಗಿ ಬಿದ್ದ ಬಿಳಿ ಗೀರುಗಳು ಹೋಗಲೇ ಇಲ್ಲ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಮಾರಾಟ ನಿಂತಿತಾ? ನೀವೇ ಯಾವುದಾದರೂ ಅಂಗಡಿಗೆ ಹೋಗಿ ಕೇಳಿ ನೋಡಿ. ಹಾಗಾಗಿ ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದುವುದು ಕಲಿಯಿರಿ. ಮದ್ದಿನ ಹೆಸರಿನ ಕೊನೆಯಲ್ಲಿ "ಸೋನ್" ಅಂತಲೋ "ಬೆಟಸಾಲ್" ಅಂತಲೋ ಇದ್ದರೆ ಸ್ಟೆರಾಯ್ಡ್ ಅಂತ ತಿಳಿಯಿರಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಈ ಜಾತಿ. ಬೆಳ್ಳಗಾಗಲು ಮುಖಕ್ಕೆ ಹಚ್ಚುವ ಎಷ್ಟೋ ಟ್ಯೂಬಿನಲ್ಲೂ ಇದೇ ಇರುತ್ತದೆ. ನಿಲ್ಲಿಸಿದ ಕೂಡಲೇ ಮುಖ ಕೆಂಡದ ಹಾಗೆ ಉರಿಯುತ್ತದೆ, ಅದಕ್ಕೆ ಹೆದರಿ ಮತ್ತೆ ಹಚ್ಚುತ್ತಾರೆ.

ಸ್ಟೆರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇಸುಬಿಗೆ, ಮೈಮೇಲೆ ಹೊಟ್ಟೇಳುವ ಸೋರಿಯಾಸಿಸ್‌ಗೆ ಡಾಕ್ಟರುಗಳು ಮೊದಲು ಬರೆಯುವ ಮದ್ದೇ ಅದು. ಯಾವ ಜಾಗಕ್ಕೆ ಎಷ್ಟು ಜೋರಿನದು, ಎಷ್ಟು ದಿನ ಅನ್ನುವುದು ಗೊತ್ತಿರಬೇಕು ಅಷ್ಟೇ. ಹುಳುಕಡ್ಡಿ ಒಂದೇ ಒಂದು, ಹೊಸದು, ಸಣ್ಣದು ಆಗಿದ್ದರೆ ಸ್ಟೆರಾಯ್ಡ್ ಇಲ್ಲದ, ಬರೀ ಕ್ಲೋಟ್ರಿಮಜೋಲ್‌ನಂಥ ಮುಲಾಮನ್ನು ಎರಡರಿಂದ ನಾಲ್ಕು ವಾರ ಹಚ್ಚಬಹುದು. ಅಂಚಿನಿಂದ ಒಂದು ಇಂಚು ಆಚೆಗೂ ಹಚ್ಚಿ. ಕಣ್ಣಿಗೆ ಕಾಣದಾದ ಮೇಲೂ ವಾರ ಹತ್ತು ದಿನ ಬಿಡಬೇಡಿ.

ಚರ್ಮದ ಡಾಕ್ಟರ್

ಐದು ಅಳತೆಯಲ್ಲಿ ಮೊದಲ ಮೂರಕ್ಕೆ ಇವರಿಗೇ ಹೆಚ್ಚು ಅಂಕ. ಸಂದೇಹ ಬಂದರೆ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಬೇಕಾದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹೆಸರು ಸಿಗುತ್ತದೆ. ಬೋರ್ಡಿನಲ್ಲಿ ಎಂಡಿ ಡಿವಿಎಲ್, ಡಿಡಿವಿಎಲ್ ಅಥವಾ ಚರ್ಮರೋಗದಲ್ಲಿ ಡಿಎನ್‌ಬಿ ಅಂತ ಇದೆಯಾ ನೋಡಿಕೊಳ್ಳಿ. "ಕಾಸ್ಮೆಟಾಲಜಿಸ್ಟ್" ಅಂತ ಮಾತ್ರ ಇದ್ದರೆ ಅದು ಬೇರೆ.

ಜನರ ದೂರು ಎರಡು. ಒಂದು, ಎರಡೇ ನಿಮಿಷ ನೋಡಿ ಕಳಿಸುತ್ತಾರೆ. ನಿಜ, ಎಷ್ಟೋ ಕಡೆ ಹಾಗೇ ಆಗುತ್ತದೆ. ಅದಕ್ಕೆ ನೀವೇ ಕೇಳಿ: ಇದಕ್ಕೆ ಏನು ಹೆಸರು, ಎಷ್ಟು ದಿನ ಹಚ್ಚಲಿ, ಎಷ್ಟು ಹಚ್ಚಲಿ, ಯಾವಾಗ ನಿಲ್ಲಿಸಲಿ. ಎಷ್ಟು ಅನ್ನುವುದಕ್ಕೆ ಸುಲಭ ಲೆಕ್ಕ ಇದೆ. ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದ ಮುಲಾಮು, ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು.

ಇನ್ನೊಂದು ದೂರು, "ನಿಲ್ಲಿಸಿದರೆ ಮತ್ತೆ ಬರುತ್ತೆ." ಸೋರಿಯಾಸಿಸ್, ಇಸುಬು ಇರುವುದೇ ಹಾಗೆ. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತದೆ, ಅದಕ್ಕೆ ಮಾತ್ರೆಯನ್ನು ಬೈಯುತ್ತೇವಾ? ಅಪಾಯ ಇಲ್ಲ ಅಂತಲ್ಲ. ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಿನ್ನುವ ಮಾತ್ರೆ. ದಿನಾ ತಿಂದರೆ ಪ್ರಾಣಕ್ಕೇ ಸಂಚಕಾರ. ಜೋರು ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ತಿನ್ನುವಾಗ, ನಿಲ್ಲಿಸಿದ ಮೇಲೆ ಒಂದು ತಿಂಗಳವರೆಗೂ, ಗರ್ಭ ನಿಲ್ಲಬಾರದು. ಮಗುವಿಗೆ ತೊಂದರೆಯಾಗುತ್ತದೆ.

ಖರ್ಚು? ಖಾಸಗಿಯಲ್ಲಿ ಫೀಸು ಐನೂರರ ಆಸುಪಾಸು, ಬೆಂಗಳೂರಿನಲ್ಲಿ ಸಾವಿರ ಮುಟ್ಟುತ್ತದೆ. ಮದ್ದು ಬೇರೆ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಚೀಟಿ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್‌ನಂಥ ಕಡೆ ದಿನಾ ರಾಶಿ ರೋಗಿಗಳನ್ನು ನೋಡಿ ಪಳಗಿದ ಕಣ್ಣು ಇರುತ್ತದೆ. ಬದಲಿಗೆ ಒಂದು ಇಡೀ ಬೆಳಿಗ್ಗೆ ಕೊಡಬೇಕು. ಕೂಲಿಯವರಿಗೆ ಅದೂ ಫೀಸೇ. ನನ್ನ ಸಲಹೆ: ಹೆಸರು ತಿಳಿಯಲು ಒಂದು ಸಲ ಸರ್ಕಾರಿ ಆಸ್ಪತ್ರೆಗೆ ಹೋಗಿ, ಬರೆದುಕೊಟ್ಟ ಮದ್ದನ್ನು ಜನೌಷಧಿ ಕೇಂದ್ರದಲ್ಲಿ ಕೇಳಿ.

ಆಯುರ್ವೇದ

ಆಯುರ್ವೇದದ ದೊಡ್ಡ ಬಲ ಅಂದರೆ ಕೇಳಿಸಿಕೊಳ್ಳುವ ವ್ಯವಧಾನ. ನಿದ್ದೆ, ಮಲ, ಹಸಿವು, ಮನಸ್ಸು ಎಲ್ಲ ಕೇಳುತ್ತಾರೆ. ಹೋಲಿಸ್ಟಿಕ್ ಅನ್ನುವ ಬೋರ್ಡಿನ ಅರ್ಥ ಇದೇ ತಾನೇ? ಸೋರಿಯಾಸಿಸ್‌ನಂಥ ಬಹುಕಾಲದ ರೋಗಕ್ಕೆ ಒಳರೋಗಿಯಾಗಿ ಸೇರಿಸಿಕೊಂಡು, ಮೂರರಿಂದ ಏಳು ದಿನ ಔಷಧಿಯ ತುಪ್ಪ ಕುಡಿಸಿ, ಆಮೇಲೆ ವಮನ (ವಾಂತಿ) ಅಥವಾ ವಿರೇಚನ (ಭೇದಿ) ಮಾಡಿಸುತ್ತಾರೆ. ಮಜ್ಜಿಗೆ ಧಾರೆ ಸುರಿಸುವ ತಕ್ರಧಾರೆಯೂ ಉಂಟು. ತುರಿಕೆ, ಹೊಟ್ಟು ಇಳಿದು ಹಗುರಾಗಿ ಬಂದವರನ್ನು ನೋಡಿದ್ದೇನೆ. ಆರು ತಿಂಗಳಿಗೆ ಮತ್ತೆ ಹೋದವರನ್ನೂ ನೋಡಿದ್ದೇನೆ. ಎರಡು ಮೂರು ವಾರ ರಜೆ ಸಿಗುವವರಿಗೆ, ಜೊತೆಗೆ ಇರಲು ಜನ ಇರುವವರಿಗೆ ಇದು ಹೊಂದುತ್ತದೆ. ಉಡುಪಿಯ ಕುತ್ಪಾಡಿ, ಹಾಸನದ ಎಸ್‌ಡಿಎಂ ಆಯುರ್ವೇದ ಆಸ್ಪತ್ರೆಗಳು, ಮೈಸೂರು, ಬೆಂಗಳೂರಿನ ಸರ್ಕಾರಿ ಆಯುರ್ವೇದ ಕಾಲೇಜುಗಳಂಥ ಕಡೆ ಹೋದರೆ ಕೇಸ್ ಶೀಟ್ ಇರುತ್ತದೆ, ರಕ್ತ ಪರೀಕ್ಷೆಯೂ ಆಗುತ್ತದೆ.

ತೊಡಕು ಇರುವುದು ಮದ್ದಿನಲ್ಲಿ. ಕಷಾಯ, ತೈಲ, ತುಪ್ಪ ಒಂದು ಬಗೆ. ಲೋಹ, ಪಾದರಸ ಸೇರಿದ ರಸೌಷಧ ಇನ್ನೊಂದು ಬಗೆ. ಚರ್ಮಕ್ಕೆ ತುಂಬಾ ಕೊಡುವ ಆರೋಗ್ಯವರ್ಧಿನಿ ವಟಿಯ ಪದಾರ್ಥಗಳ ಪಟ್ಟಿಯಲ್ಲೇ ಪಾದರಸ ಇದೆ. ಶುದ್ಧಿ ಮಾಡಿರುತ್ತಾರೆ ಅನ್ನುವುದು ಅವರ ವಾದ. ಅಮೆರಿಕದ ವೈದ್ಯಪತ್ರಿಕೆ ಜಾಮಾದಲ್ಲಿ 2008ರಲ್ಲಿ ಬಂದ ವರದಿ ನೋಡಿ. ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದ 193 ಆಯುರ್ವೇದ ಮದ್ದುಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ರಸೌಷಧಗಳಲ್ಲಿ ಹತ್ತಕ್ಕೆ ನಾಲ್ಕು. ಹಾಗಾಗಿ ವೈದ್ಯರನ್ನು ನೇರ ಕೇಳಿ: "ಇದರಲ್ಲಿ ಭಸ್ಮ, ರಸ ಇದೆಯಾ? ಎಷ್ಟು ದಿನ?" ಗರ್ಭಿಣಿಗೆ, ಮಗುವಿಗೆ, ಕಿಡ್ನಿ ಲಿವರ್ ತೊಂದರೆ ಇರುವವರಿಗೆ ಇವು ಬೇಡ. ಹೆಸರು, ಬ್ಯಾಚ್ ನಂಬರ್ ಇಲ್ಲದ ಪೊಟ್ಟಣದ ಪುಡಿ ಮೂರೇ ದಿನದಲ್ಲಿ ಪವಾಡ ಮಾಡಿದರೆ ಖುಷಿಪಡುವ ಮೊದಲು ಅನುಮಾನಪಡಿ. ಅಷ್ಟು ಬೇಗ ಕೆಲಸ ಮಾಡುವುದು ಸ್ಟೆರಾಯ್ಡ್.

ತೊನ್ನಿಗೆ ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿಸುವುದು ಹಳೆಯ ಕ್ರಮ. ಅದರಲ್ಲಿ ಹುರುಳಿದೆ. ಬಾವಂಚಿಯಲ್ಲಿರುವ ಸೊರಾಲೆನ್ ಅನ್ನು ಆಧುನಿಕ ವೈದ್ಯರೂ ಬಳಸಿದರು. ಆದರೆ ಎಣ್ಣೆ ಎಷ್ಟು, ಬಿಸಿಲು ಎಷ್ಟು ಅನ್ನುವ ಅಳತೆ ತಪ್ಪಿದರೆ ಬೊಬ್ಬೆ ಏಳುತ್ತದೆ. ಅದಕ್ಕೇ ಈಗ ಆಸ್ಪತ್ರೆಗಳಲ್ಲಿ ಅಳತೆಯ ಯುವಿ ಬೆಳಕು ಕೊಡುತ್ತಾರೆ, ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ. ಮುಖಕ್ಕೆ ಬಣ್ಣ ಚೆನ್ನಾಗಿ ಮರಳುತ್ತದೆ, ಬೆರಳ ತುದಿಗೆ ಕಷ್ಟ. ಮೀನು ಹಾಲು ಒಟ್ಟಿಗೆ ತಿಂದದ್ದಕ್ಕೆ ಬಂತು ಅಂತ ಸೊಸೆಯನ್ನು ಬೈಯುವುದನ್ನು ಮಾತ್ರ ನಿಲ್ಲಿಸಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ.

ಪಥ್ಯದ ಬಗ್ಗೆ ಒಂದು ಮಾತು. ಬದನೆಕಾಯಿ ನಂಜು, ಮೀನು ನಂಜು, ಕಡಲೆಕಾಯಿ ನಂಜು ಅಂತ ಬಿಡುತ್ತಾ ಹೋಗಿ ಕೊನೆಗೆ ಗಂಜಿ ತಿಳಿಸಾರಿಗೆ ಇಳಿದ ಮಕ್ಕಳನ್ನು ನೋಡಿದ್ದೇನೆ. ನಿಮ್ಮ ಮೈಗೆ ಒಂದು ಪದಾರ್ಥ ಆಗದಿದ್ದರೆ ಬಿಡಿ, ಎಲ್ಲರಿಗೂ ಆಗದು ಅಂತಲ್ಲ. ಮೊಡವೆಗೆ ಸಕ್ಕರೆ, ಮೈದಾ ಕಡಿಮೆ ಮಾಡಿದರೆ ಅನುಕೂಲ ಅನ್ನುವುದಕ್ಕೆ ತಕ್ಕಮಟ್ಟಿಗೆ ಆಧಾರ ಇದೆ. ಸೋರಿಯಾಸಿಸ್‌ಗೆ ತೂಕ, ಬೀಡಿ, ಕುಡಿತ ಮೂರನ್ನೂ ಇಳಿಸಬೇಕು. ಬದನೆಕಾಯಿಯ ಮೇಲಿನ ಆಪಾದನೆ ನನಗಂತೂ ಸಾಬೀತಾಗಿ ಕಂಡಿಲ್ಲ.

ಹೋಮಿಯೋಪತಿ, ಲೇಸರ್ ಕ್ಲಿನಿಕ್

ಹೋಮಿಯೋಪತಿ ಅಗ್ಗ, ಸಿಹಿ, ಮಕ್ಕಳು ಅಳದೆ ತಿನ್ನುತ್ತಾರೆ. ಆದರೆ ಸರಿಯಾಗಿ ಹೋಲಿಸಿ ನೋಡಿದ ಕಡೆ ಬರೀ ಸಕ್ಕರೆ ಗುಳಿಗೆಗಿಂತ ಹೆಚ್ಚು ಕೆಲಸ ಮಾಡಿದ್ದಕ್ಕೆ ನಂಬುವಂಥ ಪುರಾವೆ ಇಲ್ಲ. ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಇದನ್ನೇ ಹೇಳಿತು. ನನ್ನ ತಕರಾರು ಗಡುವಿನ ಮೇಲೆ. "ಮೊದಲು ಜಾಸ್ತಿ ಆಗಿ ಆಮೇಲೆ ಕಡಿಮೆ ಆಗುತ್ತೆ" ಅಂದರೆ, ಕೆಟ್ಟರೂ ಗುಣ, ಬಿಟ್ಟರೂ ಗುಣ. ಯಾವಾಗ ನಿಲ್ಲಿಸಬೇಕು ಅಂತ ಗೊತ್ತಾಗುವುದೇ ಇಲ್ಲ.

ಲೇಸರ್, ಪೀಲಿಂಗ್ ಕ್ಲಿನಿಕ್‌ಗಳು ರೋಗಕ್ಕಲ್ಲ. ಕಲೆ, ಗುಂಡಿ, ಬೇಡದ ಕೂದಲು ಇಂಥವಕ್ಕೆ ಸರಿ, ಅದೂ ಒಳಗೆ ಚರ್ಮದ ಡಾಕ್ಟರ್ ನಿಜವಾಗಿ ಇದ್ದರೆ. ಹತ್ತು ಸಿಟ್ಟಿಂಗಿಗೆ ಮುಂಗಡ ಪ್ಯಾಕೇಜ್ ಕಟ್ಟಬೇಡಿ, ಒಂದೊಂದಾಗಿ ಕಟ್ಟಿ. ಬೆಳ್ಳಗಾಗುವ ಅಗ್ಗದ ಕ್ರೀಮಿನ ವಿಷಯಕ್ಕೆ, 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಸುದ್ದಿ ನೆನಪಿರಬಹುದು. ಪಾದರಸ ಇದ್ದ ಫೇರ್‌ನೆಸ್ ಕ್ರೀಮ್ ಹಚ್ಚಿದವರ ಕಿಡ್ನಿಗೇ ಪೆಟ್ಟು ಬಿದ್ದಿತ್ತು.

ಆಯುರ್ವೇದ, ಇಂಗ್ಲಿಷ್ ಮದ್ದು ಎರಡನ್ನೂ ಸೇರಿಸಬಹುದಾ?

ಸೇರಿಸಬಹುದು, ಸೇರಿಸುವವರಿಗೆ ಎರಡೂ ಗೊತ್ತಿದ್ದರೆ. ನಮ್ಮ ಪಕ್ಕದಲ್ಲೇ ಒಳ್ಳೆಯ ಉದಾಹರಣೆ ಇದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ 1999ರಲ್ಲಿ ಶುರುವಾದ ಸಂಸ್ಥೆ. ಆನೆಕಾಲು ರೋಗಕ್ಕೆ ಅಲ್ಲಿ ಚರ್ಮದ ಡಾಕ್ಟರ್, ಆಯುರ್ವೇದ ವೈದ್ಯರು, ಯೋಗ ಕಲಿಸುವವರು ಒಟ್ಟಿಗೆ ಕೂತು ನೋಡುತ್ತಾರೆ. ಸೋಪಿನಲ್ಲಿ ತೊಳೆದು, ಮೂಲಿಕೆಯ ನೀರಿನಲ್ಲಿ ಕಾಲು ನೆನೆಸಿ, ಯೋಗದ ಉಸಿರಾಟ, ಎಣ್ಣೆಯ ನೀವುವಿಕೆ, ಆಮೇಲೆ ಬಿಗಿಯಾದ ಬ್ಯಾಂಡೇಜ್. ಸೋಂಕಿದ್ದರೆ ಇಂಗ್ಲಿಷ್ ಮದ್ದು. ಇದೇ ಕ್ರಮವನ್ನು ಕಲಬುರ್ಗಿ ಮತ್ತು ಆಲಪ್ಪುಳ ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿಸಿ, ಫಲಿತಾಂಶವನ್ನು ಅಳೆದು ಪ್ರಕಟಿಸಿದ್ದಾರೆ. ನನಗೆ ಹಿಡಿಸಿದ್ದು ಈ ಅಳೆಯುವ ಬುದ್ಧಿ. ಎಲ್ಲಕ್ಕೂ ಒಂದೇ ಕೇಸ್ ಶೀಟು, ಒಂದೇ ಲೆಕ್ಕ.

ಇದನ್ನು ಬಿಟ್ಟು ನಾವು ಮಾಡುವುದು ಬೇರೆ. ಬೆಳಿಗ್ಗೆ ಕಷಾಯ, ಮಧ್ಯಾಹ್ನ ಗುಳಿಗೆ, ರಾತ್ರಿ ಟ್ಯೂಬ್. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಲಿವರ್ ಕೆಟ್ಟರೆ ಯಾವುದರಿಂದ ಅಂತ ಯಾರು ಹೇಳಬೇಕು?

ನಿಮ್ಮ ಜಾಗದಲ್ಲಿ ನಾನಿದ್ದರೆ

ಹಾಸ್ಟೆಲ್ ಹುಡುಗ, ಮೊಡವೆ, ಕೈಯಲ್ಲಿ ಮುನ್ನೂರು ರೂಪಾಯಿ. ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್ ಒಂದು, ಸಾದಾ ಫೇಸ್‌ವಾಶ್ ಒಂದು. ದಿಂಬಿನ ಕವರ್ ಬಿಳಿಯದಿರಲಿ, ಬಣ್ಣದ್ದು ಬಿಳಚುತ್ತದೆ. ಎಂಟು ವಾರ ಕಾಯಬೇಕು, ಎಂಟು ದಿನವಲ್ಲ. ನೈಸರ್ಗಿಕವೇ ಬೇಕು ಅಂದರೆ ಶೇ 5ರ ಟೀ ಟ್ರೀ ಎಣ್ಣೆಯ ಜೆಲ್ ಇದೆ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ ಎರಡನ್ನೂ ಹೋಲಿಸಿದಾಗ ಅದೂ ಕೆಲಸ ಮಾಡಿತು, ನಿಧಾನವಾಗಿ, ಉರಿ ಕಡಿಮೆ. ಗುಂಡಿ ಬೀಳುವಂಥ ದೊಡ್ಡ ಗಂಟಾಗಿದ್ದರೆ ಎರಡನ್ನೂ ಬಿಟ್ಟು ಡಾಕ್ಟರ್ ಹತ್ತಿರ.

ಮನೆಮಂದಿಗೆಲ್ಲ ಹುಳುಕಡ್ಡಿ. ಮನೆಮದ್ದಿನ ಆಸೆ ಬಿಡಿ, ಎಲ್ಲರೂ ಒಂದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಟವೆಲ್ ಬೇರೆ ಮಾಡಿ, ಜೀನ್ಸ್ ಬಿಟ್ಟು ಸಡಿಲ ಕಾಟನ್ ಬಟ್ಟೆ ಹಾಕಿ.

ಎರಡು ವರ್ಷದ ಮಗುವಿಗೆ ಇಸುಬು. ಕೊಬ್ಬರಿ ಎಣ್ಣೆ ಅಥವಾ ವಾಸನೆಯಿಲ್ಲದ ಮಾಯಿಶ್ಚರೈಸರ್ ದಿನಕ್ಕೆ ಎರಡು ಸಲ, ಕೆಂಪೆದ್ದಾಗ ಡಾಕ್ಟರ್ ಬರೆದ ಸೌಮ್ಯ ಮುಲಾಮು ಕೆಲವೇ ದಿನ. ರಸೌಷಧ ಬೇಡ.

ನಲವತ್ತು ದಾಟಿದವರಿಗೆ ಸೋರಿಯಾಸಿಸ್. ಬೆಳಿಗ್ಗೆ ಬೆರಳ ಗೆಣ್ಣು ಬಿಗಿದುಕೊಂಡರೆ ಕೀಲಿಗೂ ಇಳಿದಿರಬಹುದು, ಆಗ ಆಧುನಿಕ ಚಿಕಿತ್ಸೆಯೇ ಆಗಬೇಕು. ಕೀಲು ನೋವಿಲ್ಲ, ಮೈಮೇಲೆ ಅಲ್ಲಲ್ಲಿ ಮಾತ್ರ ಅಂದರೆ ಆಯುರ್ವೇದ ಆಸ್ಪತ್ರೆಯನ್ನು ಮೂರು ತಿಂಗಳ ಗಡುವು ಹಾಕಿಕೊಂಡು ನೋಡಬಹುದು. ತಿನ್ನುತ್ತಿರುವ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಬಂಗು. ಸನ್‌ಸ್ಕ್ರೀನ್‌ಗೆ ದುಡ್ಡಿಲ್ಲದೆ ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ. ಎಸ್‌ಪಿಎಫ್ 30 ಅಥವಾ ಮೇಲಿನದು, ಮುಖದ ಬಣ್ಣ ಬೆರೆತದ್ದಾದರೆ ಇನ್ನೂ ಒಳ್ಳೆಯದು. ಹೊಲಕ್ಕೆ ಹೋಗುವವರಿಗೆ ಅಗಲ ಅಂಚಿನ ಟೋಪಿ.

ಕೊನೆಗೆ ಒಂದು ಕೆಲಸ. ಯಾರ ಹತ್ತಿರ ಹೋದರೂ ಈವರೆಗೆ ಹಚ್ಚಿದ್ದು, ತಿಂದದ್ದು ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಹೋದ ವರ್ಷ ನಮ್ಮ ಅತ್ತಿಗೆಯ ಕೈ ಬಿರಿದು ರಕ್ತ ಬರುತ್ತಿತ್ತು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕವರನ್ನು ಮೇಜಿನ ಮೇಲೆ ಸುರಿದರು. ಹನ್ನೊಂದು ಸಾಮಾನು. ನಾಲ್ಕು ಟ್ಯೂಬು, ಎರಡು ಡಬ್ಬಿ ಗುಳಿಗೆ, ಲೇಬಲ್ ಇಲ್ಲದ ಪುಡಿ, ಇನ್ನೇನೇನೋ. ಒಂದೊಂದನ್ನೇ ತಿರುಗಿಸಿ ಓದಿದರು. ಆಮೇಲೆ ಮದ್ದಿನ ಸುದ್ದಿಯನ್ನೇ ಎತ್ತದೆ, "ಪಾತ್ರೆ ಯಾವುದರಲ್ಲಿ ತೊಳೀತೀರಮ್ಮಾ?" ಅಂತ ಕೇಳಿದರು. ಒಳಗೆ ಕಾಟನ್, ಮೇಲೆ ರಬ್ಬರ್ ಗ್ಲೌಸು, ಹದಿನೈದು ದಿನಕ್ಕೆ ಒಂದು ಮುಲಾಮು ಅಂತ ಬರೆದರು. ಹನ್ನೊಂದರಲ್ಲಿ ಹತ್ತು ಮೇಜಿನ ಕೆಳಗಿನ ಡಬ್ಬಕ್ಕೆ ಹೋದವು. ಕೊಬ್ಬರಿ ಎಣ್ಣೆ ಶೀಶೆ ಮಾತ್ರ ಅತ್ತಿಗೆಯ ಕೈಗೆ ವಾಪಸ್ ಬಂತು.